ಒಂದು ಬ್ಯಾಸಗಿ ದಾಟಲಿ

ಕೊಪ್ಪಳದ ಮೇ ತಿಂಗಳ ನಡುಹಗಲಿನಲ್ಲಿ, ಹದವಾಗಿ ತಂಪು ಬೀಸುತ್ತಿರುವ ಎ.ಸಿ.ಯನ್ನು ತಾನಾಗಿ ಎದ್ದುಹೋಗಿ ಆರಿಸಿ ಬರುವ ಮನುಷ್ಯರು ಈ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರೋ ತಿಳಿಯದು. ನಾನು ಕಂಡವಳು ಶಿವಲೀಲಾ ಒಬ್ಬಳೇ. ಆರಿಸಿ, ಕಿಟಕಿಯ ಎರಡೂ ಬಾಗಿಲು ತೆರೆದು, ಹೊರಗಿನ ಉರಿಗಾಳಿಯನ್ನು ಬೀಗರನ್ನು ಬರಮಾಡಿಕೊಳ್ಳುವಷ್ಟು ಮರ್ಯಾದೆಯಿಂದ ಒಳಗೆ ಬಿಟ್ಟುಕೊಂಡು, ಸೆರಗಿನ ತುದಿಯಿಂದ ಕೊರಳು ಒರೆಸಿಕೊಳ್ಳುತ್ತ ಆಕೆ ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಪ್ರಯೋಗಾಲಯದ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೌನವಾಗಿ ಬೆವರುತ್ತಾರೆ. ಅವರು ಬೆನ್ನ ಹಿಂದೆ ಇಟ್ಟ ಹೆಸರು 'ಬ್ಯಾಸಗಿ ಮೇಡಂ'. ಆ ಹೆಸರು ಆಕೆಗೆ ಗೊತ್ತು. ಅದರ ಬಗ್ಗೆ ಬೇಸರವೇನೂ ಇದ್ದಂತಿಲ್ಲ.

ಎತ್ತರದ, ಒಣಕಲು ಮೈಯ ಹೆಂಗಸು. ನಡಿಗೆ ನಿಧಾನ, ಅದೂ ನಿಂತು ನಿಂತು. ಯಾಕೆಂದರೆ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಮುಟ್ಟಿ ನೋಡಬೇಕು. ಬಿಸಿಲಿಗೆ ನಿಂತ ಸ್ಕೂಟರಿನ ಸೀಟು, ಬಸ್ಸಿನ ಕಿಟಕಿಯ ಸರಳು, ತಗಡಿನ ಬಾಗಿಲು, ಕಾಲೇಜಿನ ಪಡುವಣ ಗೋಡೆ ಎಲ್ಲಕ್ಕೂ ಒಮ್ಮೆ ಕೈ ತಾಗಿಸದೆ ಮುಂದೆ ಹೋಗಳು. ಅಂಗೈಯಲ್ಲ, ಹಿಂಗೈ, ಜ್ವರ ಬಂದ ಕೂಸಿನ ಹಣೆ ನೋಡುತ್ತಾರಲ್ಲ, ಹಾಗೆ. ಒಮ್ಮೆ ಪ್ರಿನ್ಸಿಪಾಲರ ಹೊಸ ಕಾರಿನ ಬಾನೆಟ್ಟಿಗೆ ಹೀಗೆಯೇ ಕೈ ತಾಗಿಸಿದಾಗ ಅವರು ಗೀರು ಬಿತ್ತೇನೋ ಎಂದು ಓಡಿಬಂದಿದ್ದರು. "ಕಾದೈತ್ರಿ ಸರ್" ಎಂದಷ್ಟೇ ಹೇಳಿ ಆಕೆ ತರಗತಿಗೆ ನಡೆದಳು.

ನಾಲಿಗೆಯ ತುದಿಯಲ್ಲಿ ಸದಾ ಒಂದೇ ಮಾತು: "ಒಂದು ಬ್ಯಾಸಗಿ ದಾಟ್ಲಿ." ಹೊಸ ಫ್ರಿಜ್ಜು ಹೇಗಿದೆ ಎಂದರೆ ಒಂದು ಬ್ಯಾಸಗಿ ದಾಟಲಿ. ಪಕ್ಕದ ಮನೆಗೆ ಬಂದ ಹೊಸ ಸೊಸೆಯ ಸ್ವಭಾವ ಹೇಗೆ ಎಂದರೆ ಒಂದು ಬ್ಯಾಸಗಿ ದಾಟಲಿ. ಒಬ್ಬ ವಿದ್ಯಾರ್ಥಿ ತನ್ನ ಪ್ರಾಜೆಕ್ಟು ಮುಗಿಯಿತೆಂದು ಪೇಢೆ ತಂದರೆ, ಪೇಢೆ ತಿಂದು, ಬಾಯಿ ಒರೆಸಿಕೊಂಡು, ಅದೇ ಮಾತು. ಅದನ್ನು ಹಾಸ್ಯವೆಂದು ತಿಳಿದು ನಗುವವರು ಬಹಳ. ನಾನೂ ಮೊದಮೊದಲು ನಕ್ಕವನೇ. ಆಕೆ ಹಾಸ್ಯಕ್ಕೆ ಹೇಳುವುದಿಲ್ಲವೆಂದು ಈಗ ನನಗೆ ಗೊತ್ತಿದೆ.

ಇಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಮೇಷ್ಟರೆಂದರೆ ಎಲೆಯ ತುದಿಯ ಉಪ್ಪಿನಕಾಯಿ: ಇದ್ದರೆ ಚಂದ, ಇಲ್ಲದಿದ್ದರೆ ಯಾರೂ ಕೇಳರು. ನಾನು ಅಂಥ ಉಪ್ಪಿನಕಾಯಿಯಾಗಿ ಅಲ್ಲಿ ಹಲವು ವರ್ಷ ಕಳೆದೆ. ಸಭೆ ಸಮಾರಂಭಗಳ ಆಮಂತ್ರಣ ಬರೆಯುವುದು, ಅತಿಥಿಗಳನ್ನು ಪರಿಚಯಿಸುವುದು ನನ್ನ ಪಾಲು. ಒಂದು ವರ್ಷ ಆಮಂತ್ರಣದಲ್ಲಿ ಆಕೆಯ ಹೆಸರಿನ ಹಿಂದೆ 'ಡಾ.' ಎಂದು ಅಚ್ಚಾಗಿಬಿಟ್ಟಿತು. ವಯಸ್ಸು, ಅನುಭವ ನೋಡಿ ಮುದ್ರಣಾಲಯದವರೇ ಸೇರಿಸಿದ್ದಿರಬೇಕು. ಆಕೆ ವೇದಿಕೆ ಹತ್ತಿ, ಮೈಕು ಕೈಗೆ ತೆಗೆದುಕೊಂಡು, "ನಾನು ಡಾಕ್ಟರ್ ಅಲ್ರಿ, ತಿದ್ದಿಕೊಳ್ರಿ" ಎಂದು ಹೇಳಿ ಇಳಿದಳು. ಮುಂದಿನ ಸಾಲಿನಲ್ಲಿ ಕುಳಿತ ವಿಭಾಗದ ಮುಖ್ಯಸ್ಥ ಗೋವಿಂದರಾಜರು ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಆ 'ಡಾ.' ಎಲ್ಲಿ ಹೋಯಿತೆಂಬುದೇ ಈ ಬರಹದ ಕಥೆ.

ಶಿವಲೀಲಾ ಯಲಬುರ್ಗಾದವಳು. ತಂದೆ ಕೊಟ್ರಪ್ಪ ತಹಶೀಲ್ದಾರರ ಕಚೇರಿಯಲ್ಲಿ ಟೈಪಿಸ್ಟ್. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೇ ಆಕೆ ಇಂಜಿನಿಯರಿಂಗ್ ಸೇರಿದಳು. ಮುಗಿಸಿ, ಮೇಲಿನ ಓದೂ ಓದಿ ಕೊಪ್ಪಳದಲ್ಲೇ ಪಾಠ ಹೇಳಲು ನಿಂತಳು. ಅಷ್ಟರಲ್ಲಿ ಕೊಟ್ರಪ್ಪ ತೀರಿಕೊಂಡಿದ್ದರು. ತಾಯಿ ವಿರೂಪಾಕ್ಷಮ್ಮ ಮಗಳ ಜೊತೆ ಬಾಡಿಗೆ ಮನೆಗೆ ಬಂದರು. ಮಗಳ ಕೆಲಸ ಏನೆಂಬುದು ಆ ತಾಯಿಗೆ ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು.

ಕೆಲಸವನ್ನು ಬಲ್ಲಷ್ಟು ಹೇಳುತ್ತೇನೆ. ಫೋನಿನಲ್ಲಿ ಆಡಿದ ಮಾತು ಅಲೆಯಾಗಿ ಗೋಪುರದ ತುದಿಯಿಂದ ಹೊರಡುತ್ತದಷ್ಟೆ. ಹೊರಡುವ ಮುಂಚೆ ಆ ಬಡಕಲು ಅಲೆಗೆ ಹತ್ತಾರು ಹಳ್ಳಿ ದಾಟುವ ಕಸುವು ತುಂಬುವ ಯಂತ್ರವೊಂದಿದೆ. ಅದೇ ಪವರ್ ಆಂಪ್ಲಿಫೈಯರ್. ಅದನ್ನು ಕಟ್ಟುವುದು ದುಬಾರಿ, ಕಟ್ಟಿ ಸುಡುವುದು ಇನ್ನೂ ದುಬಾರಿ. ಆದ್ದರಿಂದ ಮೊದಲು ಕಂಪ್ಯೂಟರಿನೊಳಗೆ, ಬರೀ ಲೆಕ್ಕದಲ್ಲಿ, ಅದನ್ನು ಕಟ್ಟಿ ಓಡಿಸಿ ನೋಡುತ್ತಾರೆ. ಅದಕ್ಕೆ ಸಿಮ್ಯುಲೇಶನ್ ಎಂದು ಹೆಸರು. ಅದೇ ಶಿವಲೀಲಾಳ ವಿದ್ಯೆ. ತಾಯಿ ಕೇಳಿದಾಗ ಆಕೆ ಹೇಳಿದ್ದನ್ನು ವಿರೂಪಾಕ್ಷಮ್ಮನವರೇ ನನಗೆ ಆಡಿ ತೋರಿಸಿದ್ದಾರೆ.

"ಯವ್ವಾ, ಇನ್ನೂ ಮಾಡದ ಪೆಟಗಿಗೆ ಕಂಪ್ಯೂಟರ್‌ನ್ಯಾಗ ಕರೆಂಟ್ ಕೊಡೂದು. ಸುಡತೈತೋ ತಾಳತೈತೋ ನೋಡೂದು."

"ಇಲ್ಲದ ಪೆಟಗಿ ಹೆಂಗ ಸುಡತೈತಿ?"

"ಅದಕ್ಕ ಛಲೋ. ಸುಟ್ರೂ ಯಾರಿಗೂ ಲುಕ್ಸಾನಿಲ್ಲ."

ಆ ದಿನಗಳಲ್ಲಿ ಇಡೀ ಕಾಲೇಜಿಗೆ ಎ.ಸಿ. ಇದ್ದದ್ದು ಆ ಒಂದು ಪ್ರಯೋಗಾಲಯಕ್ಕೆ. ಕಂಪ್ಯೂಟರುಗಳಿಗೆ ಸೆಕೆಯಾಗಬಾರದೆಂದು ಹಾಕಿದ್ದ ಆ ತಂಪಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತು ಶಿವಲೀಲಾಳಿಗೆ ನೆಗಡಿ ಹಿಡಿಯಿತು. ಆಗ ಮನೆಯ ಬಟ್ಟೆಯ ಪೆಟ್ಟಿಗೆಯಿಂದ ಹೊರಬಂದದ್ದು ಅಪ್ಪನ ಕೋಟು. ಕಂದು ಬಣ್ಣದ ದಪ್ಪ ಉಣ್ಣೆಯ ಕೋಟು ಅದು. ಹಿಂದೆಂದೋ ಕೊಟ್ರಪ್ಪನವರನ್ನು ಉತ್ತರದ ಯಾವುದೋ ಚಳಿ ಊರಿಗೆ ತರಬೇತಿಗೆ ಕಳಿಸುತ್ತಾರೆಂದು ಸುದ್ದಿಯಾಗಿ, ಅವರು ಹುಬ್ಬಳ್ಳಿಗೆ ಹೋಗಿ ಹೊಲಿಸಿಕೊಂಡು ಬಂದಿದ್ದರು, ತರಬೇತಿ ರದ್ದಾಯಿತು. ಯಲಬುರ್ಗಾದ ಕರಿನೆಲದ ಬಿಸಿಲಿನಲ್ಲಿ ಉಣ್ಣೆಯ ಕೋಟಿಗೆ ಏನು ಕೆಲಸ? ನುಸಿಗುಳಿಗೆಗಳ ನಡುವೆ ಅದು ಯಜಮಾನರ ಆಯುಷ್ಯ ಮುಗಿಯುವವರೆಗೂ ಕಾದು ಮಲಗಿತ್ತು. ಮಗಳು ಅದರ ತೋಳು ಮಡಚಿ ತೊಟ್ಟು ಪ್ರಯೋಗಾಲಯದಲ್ಲಿ ಕುಳಿತಾಗ, ಹೊರಗೆ ಕಾಗೆ ಬಾಯಿ ತೆರೆದು ಕೂರುವಂಥ ಬಿಸಿಲಿರುತ್ತಿತ್ತು. ಅದನ್ನು ಕಂಡು ನಾವೆಲ್ಲ ಕಿಚಾಯಿಸಿದ್ದೇವೆ. ಆಕೆಗೆ ಅದು ಅಪ್ಪ ಕೊನೆಗೂ ತರಬೇತಿಗೆ ಹೋದಂತೆ ಅನ್ನಿಸುತ್ತಿತ್ತಂತೆ.

ಗೋವಿಂದರಾಜರು ಗಂಗಾವತಿಯ ಕಾಲುವೆ ಸೀಮೆಯವರು. ಮೃದು ಮಾತು, ತೆಲುಗಿನ ಎಳೆತವಿರುವ ಕನ್ನಡ. ಅವರ ಪ್ರಯತ್ನದಿಂದ ಕಾಲೇಜಿಗೆ ಒಂದು ಯೋಜನೆ ಬಂತು. ದೂರದ ಊರಿನ ಕಂಪನಿಯೊಂದು, ತಂತಿಯಿಲ್ಲದ ಫೋನನ್ನು ಹಳ್ಳಿಗಳಿಗೆ ಮುಟ್ಟಿಸುವ ಪುಟ್ಟ ಗೋಪುರಗಳನ್ನು ನಿಲ್ಲಿಸಲು ಹೊರಟಿತ್ತು. ಅದರ ಆಂಪ್ಲಿಫೈಯರನ್ನು ಲೆಕ್ಕದಲ್ಲಿ ಕಟ್ಟಿ, ತಾಳಿಕೆ ನೋಡಿ, ಸರಿಯೆಂದು ಹೇಳುವ ಕೆಲಸ ಶಿವಲೀಲಾಳದು. ಅದೇ ಆಕೆಯ ಪಿಎಚ್.ಡಿ. ಪ್ರಬಂಧವೂ ಆಗುವುದೆಂದೂ, ಗೋವಿಂದರಾಜರೇ ಮಾರ್ಗದರ್ಶಕರೆಂದೂ ತೀರ್ಮಾನವಾಯಿತು. ಆಕೆ ಆ ಲೆಕ್ಕವನ್ನು ಎಷ್ಟು ಶ್ರದ್ಧೆಯಿಂದ ಮಾಡಿದಳೆಂದರೆ, ಊಟದ ಹೊತ್ತಿಗೂ ಕೋಟು ಬಿಚ್ಚುತ್ತಿರಲಿಲ್ಲ. ಒಂದೊಂದು ಬಿಡಿಭಾಗವನ್ನೂ ಬದಲಿಸಿ ಬದಲಿಸಿ ನೋಡಿದಳು. ಮುಟ್ಟದೆ ಬಿಟ್ಟದ್ದು ಒಂದೇ ಒಂದು ಅಂಕಿ. ಸುತ್ತಲಿನ ಹವೆಯ ಉಷ್ಣತೆ ಎಂಬ ಜಾಗದಲ್ಲಿ, ತಂತ್ರಾಂಶ ಮಾಡಿದವರು ಮೊದಲೇ ತುಂಬಿಟ್ಟಿದ್ದ ಇಪ್ಪತ್ತೈದು.

ಇಪ್ಪತ್ತೈದು! ಯಲಬುರ್ಗಾ ತಾಲ್ಲೂಕಿನ ಬೇವೂರಿನಲ್ಲಿ ನಿಲ್ಲಬೇಕಾದ ಪೆಟ್ಟಿಗೆಗೆ! ಇಲ್ಲಿ ಇಪ್ಪತ್ತೈದು ಎಂದರೆ ಸಂಕ್ರಾಂತಿಯ ಮುಂಜಾವು, ಇಲ್ಲವೆ ಆ ಎ.ಸಿ. ಕೋಣೆ. ತಂಪು ದೇಶದ ಯಾರಾದರೂ ಈ ಕೆಲಸಕ್ಕೆ ಕುಳಿತಿದ್ದರೆ, ಅಲ್ಲಿ ಬಿಸಿಲು ಎಷ್ಟು ಎಂಬುದನ್ನೇ ಮೊದಲು ಕೇಳುತ್ತಿದ್ದರು. ಯಲಬುರ್ಗಾದ ಹುಡುಗಿ ಕೇಳಲಿಲ್ಲ, ಯಾಕೆಂದರೆ ಬಿಸಿಲು ಆಕೆಗೆ ಸುದ್ದಿಯೇ ಆಗಿರಲಿಲ್ಲ. ಹುಟ್ಟಿದಂದಿನಿಂದ ಮೈಮೇಲೆ ಇದ್ದದ್ದನ್ನು ಯಾರು ಬರೆದಿಡುತ್ತಾರೆ? ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಂಥದಕ್ಕೇ ಹುಟ್ಟಿರಬೇಕು. ಈ ತಪ್ಪನ್ನು ಮಾಡಬೇಕಾದರೆ ನಮ್ಮ ಸೀಮೆಯವರೇ ಆಗಿರಬೇಕಿತ್ತು.

ಪೆಟ್ಟಿಗೆ ಬೇವೂರಿಗೆ ಬಂತು. ಊರ ಹೊರಗಿನ ಬಯಲಿನಲ್ಲಿ ಗೋಪುರ, ಅದರ ಬುಡದಲ್ಲಿ ತಗಡಿನ ಕಪಾಟು, ಕಪಾಟಿನೊಳಗೆ ಶಿವಲೀಲಾಳ ಲೆಕ್ಕದಂತೆ ಕಟ್ಟಿದ ಯಂತ್ರ. ಕಾವಲಿಗೆ ಮರ್ದಾನಸಾಬ ಎಂಬ ನಡುವಯಸ್ಸಿನವನನ್ನು ಕಂಪನಿ ನೇಮಿಸಿತು. ಮೊದಲು ಹಮಾಲಿ ಮಾಡುತ್ತಿದ್ದ ಅವನಿಗೆ ತಿಂಗಳ ಸಂಬಳ ಎಂಬುದು ಜೀವನದಲ್ಲೇ ಮೊದಲ ಸಲ. ಬ್ಯಾಸಗಿ ಬಂದಾಗ, ಕಪಾಟಿನ ತಗಡು ಮುಟ್ಟಲಾರದಷ್ಟು ಕಾಯುವುದನ್ನು ಕಂಡು ಅವನಿಗೆ ಸಂಕಟವಾಯಿತು. ಯಂತ್ರದ ವಿಷಯ ಅವನಿಗೇನೂ ತಿಳಿಯದು. ಬಿಸಿಲಲ್ಲಿ ನಿಂತ ಎಮ್ಮೆಯ ಬೆನ್ನಿಗೆ ನೀರು ಹಾಕುವುದು ಗೊತ್ತಿತ್ತು. ಒಂದು ಗೋಣಿತಟ್ಟನ್ನು ಕಪಾಟಿಗೆ ಸುತ್ತಿ ಕಟ್ಟಿ, ಹೊತ್ತೊತ್ತಿಗೆ ಕೊಡದಿಂದ ನೀರು ಚಿಮುಕಿಸುತ್ತಿದ್ದ. ಆ ಬ್ಯಾಸಗಿ ದಾಟಿತು. ಪೆಟ್ಟಿಗೆ ಚೆನ್ನಾಗಿದೆಯೆಂದು ಕಂಪನಿಯಿಂದ ಹೊಗಳಿಕೆ ಬಂತು. ಶಿವಲೀಲಾಳ ಪ್ರಬಂಧ ಮುಗಿಯುವ ಹಂತಕ್ಕೆ ಬಂತು.

ಮರು ಬ್ಯಾಸಗಿಯ ಒಂದು ಮಧ್ಯಾಹ್ನ ಪೆಟ್ಟಿಗೆ ಸುಟ್ಟುಹೋಯಿತು. ಬೇವೂರಿನ ಮಾತು ನಿಂತಿತು. ಕಂಪನಿಯ ಜನ ಬಂದು ಕಪಾಟು ತೆರೆದರು: ತಂತಿಯ ಮೂತಿಗಳಿಗೆ ಹಸಿರು ಕಿಲುಬು, ಅಂಚಿಗೆ ಕೊಳೆತ ಗೋಣಿಯ ನಾರು. ಇನ್ನೇನು ಬೇಕು? ಕಾವಲುಗಾರ ನೀರು ಹೊಯ್ದು ಯಂತ್ರ ಕೆಡಿಸಿದ್ದಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮರ್ದಾನಸಾಬನನ್ನು ಕೆಲಸದಿಂದ ತೆಗೆಯುವುದಷ್ಟೇ ಅಲ್ಲ, ಬೇಕೆಂದೇ ಹಾಳುಮಾಡಿದನೆಂದು ಪೊಲೀಸರಿಗೆ ದೂರು ಕೊಡುವುದೂ ನಿಶ್ಚಯವಾಯಿತು. ಅದಕ್ಕೊಂದು ತಾಂತ್ರಿಕ ಸಾಕ್ಷಿ ಬೇಕಲ್ಲ. ಆ ಸಾಕ್ಷಿ ಹೇಳಬೇಕಾದವಳು ಶಿವಲೀಲಾ. ಆಕೆಗೂ ಅನುಮಾನವಿರಲಿಲ್ಲ. ತನ್ನ ಲೆಕ್ಕ ಸರಿಯಿತ್ತು, ನೀರು ಬಿದ್ದಿತ್ತು, ಪೆಟ್ಟಿಗೆ ಸುಟ್ಟಿತ್ತು.

ಆದರೂ ಒಮ್ಮೆ ಕಣ್ಣಾರೆ ನೋಡಿ ಬರೋಣವೆಂದು ಯಲಬುರ್ಗಾದ ಬಸ್ಸು ಹತ್ತಿ ಬೇವೂರಿನಲ್ಲಿ ಇಳಿದಳು. ಪ್ರಯೋಗಾಲಯದಿಂದ ನೇರವಾಗಿ ಹೊರಟಿದ್ದರಿಂದ ಕೋಟು ಕೈಯಲ್ಲೇ ಉಳಿದಿತ್ತು. ಆ ಉರಿಬಿಸಿಲಿನಲ್ಲಿ ಉಣ್ಣೆಯ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಬಂದ ಮೇಡಂರನ್ನು ನೋಡಿ, ಬೇವಿನ ಮರದಡಿ ಕುಳಿತಿದ್ದವರು ಎಲೆಯಡಿಕೆ ಅಗಿಯುವುದನ್ನೇ ಮರೆತರಂತೆ. ಆಕೆ ಕಪಾಟಿನ ಚಿಲಕಕ್ಕೆ ಕೈ ಹಾಕಿದಳು. ಹಾಕಿದಷ್ಟೇ ಬೇಗ ತೆಗೆದಳು. ಬೆರಳು ಚುರುಗುಟ್ಟಿತು. ಆಮೇಲೆ ಕೋಟಿನ ತೋಳನ್ನೇ ಒಲೆಯ ಮೇಲಿನ ಪಾತ್ರೆ ಇಳಿಸುವ ಅರಿವೆಯಂತೆ ಹಿಡಿದು ಚಿಲಕ ತೆಗೆದಳು. ಒಳಗಿನಿಂದ ಬಂದ ಝಳ ಮುಖಕ್ಕೆ ಬಡಿಯಿತು. ಕೈಯಲ್ಲಿ ಕೋಟು ಹಿಡಿದು ಆಕೆ ಅಲ್ಲೇ ಬಹಳ ಹೊತ್ತು ನಿಂತಳು. ಇಪ್ಪತ್ತೈದು ಎಂಬ ಅಂಕಿ ಆಕೆಗೆ ನೆನಪಾದದ್ದು ಆಗ.

ಮರ್ದಾನಸಾಬ ಕೈಮುಗಿದು ದೂರ ನಿಂತಿದ್ದ.

"ಸುಟ್ಟ ದಿನ ತಟ್ಟು ಹಸೀ ಇತ್ತೇನು?" ಎಂದು ಆಕೆ ಕೇಳಿದಳು.

"ಇತ್ರಿ ಮೇಡಂ. ದಿನಾ ನೀರ ಹಾಕೀನ್ರಿ. ಒಂದ ದಿನಾನೂ ತಪ್ಪಿಸಿಲ್ರಿ."

"ಖರೆ ಹೇಳು."

ಅವನು ನೆಲ ನೋಡಿದ. ಹಿಂದೆ ನಿಂತ ಹೆಂಡತಿ ಫಾತಿಮಾಬೀ ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ಅವತ್ತ ಊರಾಗ ಇದ್ದಿಲ್ರಿ," ಎಂದ ಮರ್ದಾನಸಾಬ. "ಗಂಗಾವತಿಗೆ ಕೊಟ್ಟ ಮಗಳು ಹಡಿಯಾಕ ಕುಂತಿದ್ಳು. ಯಾರಿಗೂ ಹೇಳಲಾರದ ಹೋಗಿದ್ನಿರಿ. ಬರೂದ್ರಾಗ ತಟ್ಟು ಒಣಗಿ ಹಪ್ಪಳ ಆಗಿತ್ತು, ಪೆಟಗಿ ಸುಟ್ಟಿತ್ತು. ಕಾವಲಿ ಬಿಟ್ಟು ಹೋಗೀನಿ ಅಂತ ಗೊತ್ತಾದ್ರ ಇನ್ನೊಂದು ಗುನ್ನೆ ಆಗತೈತಿ ಅಂತ ಹೇಳಿಲ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ಹೇಳಬ್ಯಾಡ್ರಿ."

ತನ್ನನ್ನು ಬಿಡುಗಡೆ ಮಾಡುವ ಒಂದೇ ಒಂದು ಮಾತನ್ನು ಆ ಮನುಷ್ಯ ಇನ್ನೊಂದು ಅಪರಾಧವೆಂದು ತಿಳಿದು ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ. ನೀರಿನಿಂದ ಸುಟ್ಟದ್ದಾದರೆ ನೀರಿದ್ದ ದಿನ ಸುಡಬೇಕಿತ್ತು. ಪೆಟ್ಟಿಗೆ ಸುಟ್ಟದ್ದು ನೀರು ತಪ್ಪಿದ ದಿನ.

ಕೊಪ್ಪಳಕ್ಕೆ ಮರಳಿ ಶಿವಲೀಲಾ ಅದೇ ಲೆಕ್ಕವನ್ನು ಮತ್ತೆ ತೆರೆದು, ಇಪ್ಪತ್ತೈದನ್ನು ಅಳಿಸಿ, ಆ ಕಪಾಟಿನ ಒಳಗಿದ್ದಿರಬಹುದಾದ ಅರವತ್ತರ ಸಮೀಪದ ಅಂಕಿ ಹಾಕಿದಳು. ಕಾದ ಟ್ರಾನ್ಸಿಸ್ಟರಿನ ಕಸುವು ಕುಗ್ಗಿತು. ಕುಗ್ಗಿದ್ದನ್ನು ಕಂಡ ನಿಯಂತ್ರಣದ ಭಾಗ ಇನ್ನಷ್ಟು ದುಡಿ ಎಂದು ಒತ್ತಿತು. ದುಡಿದಷ್ಟೂ ಕಾಯಿತು, ಕಾದಷ್ಟೂ ಕುಗ್ಗಿತು. ದಣಿದ ಎತ್ತಿಗೆ ಬಾರುಕೋಲಿನ ಏಟು ಹೆಚ್ಚಿಸುತ್ತ ಹೋದಂತೆ. ತೆರೆಯ ಮೇಲಿನ ಗೆರೆ ಒಂದು ಕಡೆ ನಿಲ್ಲದೆ ಏರಿ ಏರಿ, ಕೊನೆಗೆ ಲೆಕ್ಕ ಕೂಡುವುದಿಲ್ಲವೆಂದು ಕಂಪ್ಯೂಟರೇ ಕೈಚೆಲ್ಲಿತು. ಆಮೇಲೆ ಒದ್ದೆ ತಟ್ಟು ತಂಪು ಮಾಡಿರಬಹುದಾದಷ್ಟು ಡಿಗ್ರಿ ಇಳಿಸಿ ನೋಡಿದಳು. ಲೆಕ್ಕ ಕೂಡಿತು, ಪೆಟ್ಟಿಗೆ ಕಷ್ಟಪಟ್ಟಾದರೂ ತಾಳಿತು. ತಂತಿಗೆ ಕಿಲುಬು ಹಿಡಿಸಿದ್ದು ತಟ್ಟಿನ ತಪ್ಪೇ ನಿಜ, ಆದರೆ ಸುಟ್ಟದ್ದು ಕಿಲುಬಲ್ಲ. ಇಲ್ಲದ ಪೆಟ್ಟಿಗೆ ಸುಟ್ಟರೆ ಯಾರಿಗೂ ಲುಕ್ಸಾನಿಲ್ಲ ಎಂದು ತಾಯಿಗೆ ಹೇಳಿದ್ದವಳು, ಆ ತಂಪು ಕೋಣೆಯಲ್ಲಿ ಕೋಟಿನೊಳಗೆ ಬೆವರಿದಳು.

ಗೋವಿಂದರಾಜರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಅವರು ಕೆಟ್ಟವರಲ್ಲ, ಈ ಯೋಜನೆಯ ಮೇಲೆ ಇನ್ನೂ ನಾಲ್ಕಾರು ಮಂದಿಯ ಓದು ನಿಂತಿತ್ತು, ಕಾಲೇಜಿನ ಹೆಸರು ನಿಂತಿತ್ತು.

"ಅಂವಾ ತಟ್ಟು ಕಟ್ಟಿದ್ದು ಸುಳ್ಳೇನಮ್ಮಾ?" ಎಂದರು.

"ಸುಳ್ಳಲ್ರಿ."

"ತಂತಿಗೆ ಕಿಲುಬು ಹಿಡಿದದ್ದು?"

"ಅದೂ ಖರೆನ್ರಿ."

"ಅಷ್ಟೇ ಹೇಳು. ಸುಳ್ಳು ಹೇಳು ಅಂತ ನಾನು ಹೇಳೋದಿಲ್ಲ. ಕೇಳದೇ ಇದ್ದದ್ದನ್ನ ಯಾಕೆ ಹೇಳ್ತೀಯಾ? ಇಪ್ಪತ್ತೈದರ ಮಾತು ಎತ್ತಿದ್ರೆ ನಿನ್ನ ಪ್ರಬಂಧ ಉಳಿಯೋದಿಲ್ಲಮ್ಮಾ."

ಮನೆಗೆ ಹೋಗಿ ಆಕೆ ಊಟ ಮಾಡದೆ ಕುಳಿತಳು. ತಾಯಿ ಕಾರಣ ಕೇಳಿದರು, ಮಗಳು ಹೇಳಿದಳು. ಲೆಕ್ಕ ತಿಳಿಯದಿದ್ದರೂ ವಿರೂಪಾಕ್ಷಮ್ಮನವರಿಗೆ ಸಂಗತಿ ತಿಳಿಯಿತು. ಅವರು ಮಗಳಿಗೆ ಹೀಗೆ ಮಾಡು, ಹಾಗೆ ಮಾಡಬೇಡ ಎನ್ನಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಕೋಟಿನ ಕಡೆ ನೋಡಿ, "ನಿನ್ನ ಮನಸಿಗೆ ಹೆಂಗ ಬರತೈತೋ ಹಂಗ ಮಾಡು. ಮುಚ್ಚಿಟ್ಟು ಮಾತಾಡಾಕ ಹೋಗೂದಾದ್ರ ಮಾತ್ರ ನಿಮ್ಮಪ್ಪನ ಕೋಟು ಹಾಕ್ಕೊಂಡು ಹೋಗಬ್ಯಾಡ. ಬಿಚ್ಚಿಟ್ಟು ಹೋಗು" ಎಂದರು.

ಮರುದಿನ ಶಿವಲೀಲಾ ಕೋಟಿಲ್ಲದೆ ಹೊರಟಳು. ಖಾಲಿ ತೋಳಿನ ಮಗಳು ಓಣಿಯ ತಿರುವು ದಾಟುವುದನ್ನು ನೋಡುತ್ತ ಆ ತಾಯಿ ಹೊಸ್ತಿಲ ಮೇಲೆ ಕುಳಿತುಬಿಟ್ಟರಂತೆ.

ಸಭೆ ಸೇರಿದ್ದು ಅದೇ ಪ್ರಯೋಗಾಲಯದಲ್ಲಿ. ಕಂಪನಿಯ ಇಬ್ಬರು ಅಧಿಕಾರಿಗಳು, ಪ್ರಿನ್ಸಿಪಾಲರು, ಗೋವಿಂದರಾಜರು. ಬೇವೂರಿನ ಪಂಚಾಯಿತಿಗೆ ಕನ್ನಡದಲ್ಲಿ ತಿಳಿವಳಿಕೆ ಪತ್ರ ಬರೆಯಬೇಕೆಂದು ಮೂಲೆಯಲ್ಲಿ ನಾನು. ಬಾಗಿಲ ಹೊರಗೆ ಮರ್ದಾನಸಾಬ, ಚಪ್ಪಲಿ ಬಿಟ್ಟು, ಗೋಡೆಗೆ ಆತು ನಿಂತಿದ್ದ. ಎ.ಸಿ. ಸೊಗಸಾಗಿ ಬೀಸುತ್ತಿತ್ತು. ಹಿರಿಯ ಅಧಿಕಾರಿ ಕೇಳಿದರು: "ಮೇಡಂ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆಯಲ್ಲ?"

"ಸರಿ ಐತ್ರಿ," ಎಂದಳು ಶಿವಲೀಲಾ. "ಇಲ್ಲಿ ಕುಂತ್ರ ಸರಿ ಐತಿ."

ಎಂದವಳು ಎದ್ದುಹೋಗಿ ಎ.ಸಿ. ಆರಿಸಿದಳು. ಕಿಟಕಿ ತೆರೆದಳು. ಏನು ನಡೆಯುತ್ತಿದೆಯೆಂದು ಯಾರಿಗೂ ತಿಳಿಯಲಿಲ್ಲ. ಆಕೆ ಸುಮ್ಮನೆ ಕುಳಿತಳು; ನಾವೂ ಕುಳಿತೆವು. ಮೊದಲು ಅಧಿಕಾರಿ ಟೈ ಸಡಿಲಿಸಿದರು. ಆಮೇಲೆ ಕರವಸ್ತ್ರ ತೆಗೆದರು. ಪ್ರಿನ್ಸಿಪಾಲರು ಮುಂದಿದ್ದ ಕಾಗದದಿಂದಲೇ ಗಾಳಿ ಹಾಕಿಕೊಳ್ಳತೊಡಗಿದರು. ಎಲ್ಲರ ಅಂಗಿಯೂ ಬೆನ್ನಿಗಂಟಿದ ಮೇಲೆ ಆಕೆ ಬಾಯಿಬಿಟ್ಟಳು.

"ಬೇವೂರಿನ ಪೆಟಗಿಗೆ ನಾನು ಈ ಖೋಲಿಯ ಹವಾ ಹಾಕಿ ಲೆಕ್ಕಾ ಮಾಡೀನ್ರಿ. ಅಲ್ಲಿ ಬಿಸಿಲೈತಿ ಅನ್ನೂದು ಬರಿಲಿಲ್ಲ. ಅಲ್ಲೇ ಹುಟ್ಟಿದಾಕಿ ನಾನು. ಮರ್ದಾನಸಾಬ ಪೆಟಗಿ ಸುಟ್ಟಿಲ್ರಿ. ಸುಡಬೇಕಾಗಿದ್ದ ಪೆಟಗಿನ್ನ ಇಷ್ಟ ದಿವಸ ಕಾದಾನ. ಅಂವಾ ಇಲ್ಲದ ದಿವಸ ಅದು ಸುಟ್ಟೈತಿ. ತಪ್ಪು ನಂದು."

ಮೆಲ್ಲಗೆ, ಎಲ್ಲ ತೋರಿಸಿದಳು: ಏರುವ ಗೆರೆ, ಕೂಡದ ಲೆಕ್ಕ, ತಟ್ಟಿನ ತಂಪಿಗೆ ಕೂಡಿದ ಲೆಕ್ಕ. ಪತ್ರಕ್ಕೆಂದು ನನಗೆ ಮೊದಲೇ ಹೇಳಿ ಬರೆಸಿದ್ದ ಸಾಲುಗಳನ್ನು ನಾನು ಮಡಚಿ ಜೇಬಿಗೆ ಹಾಕಿಕೊಂಡೆ. ಹೊರಗೆ ನಿಂತವನಿಗೆ ಒಳಗಿನ ಮಾತು ಎಷ್ಟು ಕೇಳಿಸಿತೋ. ನಾವು ಹೊರಬರುವಾಗ ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ, ಅವನ ಹೆಗಲು ಅಲುಗುತ್ತಿತ್ತು.

ಸಂಜೆ ತಾಯಿ ಅಂಜುತ್ತಂಜುತ್ತ ಕೇಳಿದರು: "ಮತ್ತ ಕೋಟು ಯಾಕ ಬಿಟ್ಟು ಹೋದಿ?"

"ಸೆಕಿ ಭಾಳ ಇತ್ತು, ಯವ್ವಾ" ಎಂದಳು ಮಗಳು.

ದೂರು ಹೋಗಲಿಲ್ಲ, ಮರ್ದಾನಸಾಬನ ಕೆಲಸ ಉಳಿಯಿತು. ಯೋಜನೆ ಮಾತ್ರ ಬೇರೆ ಕಾಲೇಜಿನ ಪಾಲಾಯಿತು. ಗೋವಿಂದರಾಜರು ಕಣ್ಣು ತಪ್ಪಿಸಿಕೊಂಡೇ ಮಾರ್ಗದರ್ಶನದಿಂದ ಹಿಂದೆ ಸರಿದರು, ಪ್ರಬಂಧ ಅಲ್ಲಿಗೇ ನಿಂತಿತು. ಮತ್ತೆ ಹೊಸದಾಗಿ ಶುರುಮಾಡಬಾರದೇ ಎಂದು ನಾನೇ ಎಷ್ಟೋ ಸಲ ಕೇಳಿದ್ದೇನೆ. "ಒಂದು ಬ್ಯಾಸಗಿ ದಾಟ್ಲಿ ಸರ್" ಎನ್ನುತ್ತಿದ್ದಳು. ಬ್ಯಾಸಗಿಗಳು ದಾಟುತ್ತಲೇ ಹೋದವು. ಆಕೆಯ ವಿದ್ಯಾರ್ಥಿಗಳು ಡಾಕ್ಟರುಗಳಾಗಿ ಬಂದು ಆಕೆಗೇ ಮೇಲಧಿಕಾರಿಗಳಾದರು. ಕೊರಗು ಇರಲಿಲ್ಲವೆಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಪದವಿ ಪ್ರದಾನದ ದಿನ ರಜೆ ಹಾಕುತ್ತಿದ್ದಳು, ಪ್ರತಿ ವರ್ಷವೂ. ಆದರೆ ಅಂದು ಆರಿಸಿದ ಎ.ಸಿ.ಯನ್ನು ಆಕೆ ಮತ್ತೆ ಎಂದೂ ಹಾಕಲಿಲ್ಲ; ಬೇರೆ ಯಾರಾದರೂ ಹಾಕಿದ್ದರೆ ಎದ್ದುಹೋಗಿ ಆರಿಸಿ ಬರುತ್ತಿದ್ದಳು. ಹೊಸ ವಿದ್ಯಾರ್ಥಿ ಮೊದಲ ಸಿಮ್ಯುಲೇಶನ್ ಮಾಡುವ ಮುಂಚೆ ನಡುಹಗಲಿನಲ್ಲಿ ಹೊರಗೆ ಹೋಗಿ ಧ್ವಜದ ಕಂಬ ಮುಟ್ಟಿ ಬರಬೇಕು. ಬಂದು ತುಂಬುವ ಮೊದಲ ಅಂಕಿ ಸುತ್ತಲಿನ ಹವೆಯದು. ಇದು ಆಕೆಯ ಪ್ರಯೋಗಾಲಯದ ಕಟ್ಟಳೆ. ಕೋಟು ಮತ್ತೆ ನುಸಿಗುಳಿಗೆಗಳ ನಡುವೆ ಮಲಗಿತು.

ನಾನು ನಿವೃತ್ತನಾಗುವ ವರ್ಷದ ಬ್ಯಾಸಗಿಯಲ್ಲಿ ಮರ್ದಾನಸಾಬ ಕಾಲೇಜಿಗೆ ಬಂದ. ಅಷ್ಟರಲ್ಲಿ ಎಲ್ಲರ ಜೇಬಿಗೂ ಮೊಬೈಲು ಬಂದು ಬೇವೂರಿನ ಆ ಪುಟ್ಟ ಗೋಪುರ ಕಳಚಿ ಹೋಗಿತ್ತು. ಅವನು ಊರಲ್ಲೇ ಸಣ್ಣ ಚಹದಂಗಡಿ ಇಟ್ಟಿದ್ದ. ಹೆಂಡತಿಯನ್ನು ದವಾಖಾನೆಗೆ ತೋರಿಸಲು ಕೊಪ್ಪಳಕ್ಕೆ ಬಂದವನು ಮೇಡಂರನ್ನು ಕಂಡು ಹೋಗೋಣವೆಂದು ಹುಡುಕಿಕೊಂಡು ಬಂದಿದ್ದ. ಕಿಟಕಿ ತೆರೆದ ಆ ಕೋಣೆಯಲ್ಲಿ ಆಕೆ ಬೆವರುತ್ತ ಕುಳಿತಿರುವುದನ್ನು ನೋಡಿದ, ಆರಿದ ಎ.ಸಿ.ಯನ್ನು ನೋಡಿದ. ಹೊರಗೆ ಹೋದವನು ಎಲ್ಲಿಂದಲೋ ಒಂದು ಗೋಣಿಚೀಲ ತಂದು, ಹೊಲಿಗೆ ಬಿಚ್ಚಿ, ಕಿಟಕಿಗೆ ಬಿಗಿಯಾಗಿ ಕಟ್ಟಿ, ಬಕೆಟ್ಟಿನಿಂದ ನೀರು ಚಿಮುಕಿಸತೊಡಗಿದ. ಆಕೆ ಬೇಡವೆಂದು ಎದ್ದಳು.

"ಪೆಟಗಿಗೆ ಕಟ್ಟಿದ್ದಕ್ಕ ಕಿಲುಬ ಹಿಡೀತು ಅಂದ್ರಿ, ಒಪ್ಪೀನ್ರಿ," ಎಂದ ಮರ್ದಾನಸಾಬ. "ಮನುಷ್ಯಾರಿಗೇನು ಕಿಲುಬ ಹಿಡಿಯಾಂಗಿಲ್ಲಲ್ರಿ. ಕುಂದರ್ರಿ."

ಶಿವಲೀಲಾ ಕುಳಿತಳು. ಒದ್ದೆ ಗೋಣಿಯ ಮಣ್ಣುವಾಸನೆಯ ತಂಪು ಒಳಗೆ ಬಂತು. ಆಕೆ ಹಿಂಗೈಯನ್ನು ಆ ತಟ್ಟಿಗೆ ತಾಗಿಸಿ, ಬಹಳ ಹೊತ್ತು ತೆಗೆಯಲಿಲ್ಲ. ಈಗಲೂ ಪ್ರತಿ ಬ್ಯಾಸಗಿ, ಸೆಕೆ ತಾಳಲಾರದ ದಿನಗಳಲ್ಲಿ, ಆ ಕಿಟಕಿಗೆ ತಟ್ಟು ಬೀಳುತ್ತದೆ. ವಿದ್ಯಾರ್ಥಿಗಳೇ ಸರದಿಯ ಮೇಲೆ ನೀರು ಹಾಕುತ್ತಾರೆ.

ಲೋಕದ ಬಹುಪಾಲು ತೀರ್ಮಾನಗಳು ತಂಪು ಕೋಣೆಗಳಲ್ಲಿ ಆಗುತ್ತವೆ. ಅವು ಹೋಗಿ ನಿಲ್ಲುವುದು ಯಾವುದೋ ಬೇವೂರಿನ ಬಯಲಿನಲ್ಲಿ. ಕೋಣೆಯಲ್ಲಿ ಕುಳಿತವರು ದುಷ್ಟರೇನಲ್ಲ, ಅವರ ಲೆಕ್ಕವೂ ಸುಳ್ಳಲ್ಲ. ಕುಳಿತಲ್ಲಿಗೆ ಅದು ಸರಿಯಾಗಿಯೇ ಇರುತ್ತದೆ. ಎಲ್ಲೋ ಒಬ್ಬಿಬ್ಬರು ಮಾತ್ರ, ಒಮ್ಮೆ ಕೈ ಸುಟ್ಟುಕೊಂಡ ಮೇಲೆ, ಆ ಬಯಲಿನ ಬಿಸಿಲನ್ನು ತಮ್ಮ ಕೋಣೆಗೇ ತಂದುಕೊಂಡು ಕೂರುತ್ತಾರೆ, ಅದಕ್ಕೆ ತೆರಬೇಕಾದದ್ದನ್ನು ತೆತ್ತು ಸುಮ್ಮನಿರುತ್ತಾರೆ. ಅವರ ಹೆಸರಿನ ಹಿಂದೆ ಮುಂದೆ ಏನೂ ಇರುವುದಿಲ್ಲ. ಅಂಥವರ ಜೊತೆ ಕುಳಿತು ಕೆಲಸ ಮಾಡುವುದು ಕಷ್ಟ, ಸೆಕೆ ಬಹಳ. ಆದರೆ ಅವರು ಸರಿಯೆಂದು ಕಳಿಸಿದ್ದು ಬ್ಯಾಸಗಿ ದಾಟುತ್ತದೆ.